ಎರೆಸೀಮೆಯ ಮನೆಗಳೂ ಮಾಗಿಯ ಬೆಂಕಿಯೂ

ಅರಸರ ದಂಡಯಾತ್ರೆಗಳನ್ನೂ ದೇವಾಲಯಗಳ ದಾನಶಾಸನಗಳನ್ನೂ ಕುರಿತು ಕನ್ನಡ ನಾಡಿನಲ್ಲಿ ಬೇಕಾದಷ್ಟು ಬರವಣಿಗೆಯಾಗಿದೆ. ಆ ಅರಸರ ಪ್ರಜೆಗಳು ಮಾಗಿಯ ರಾತ್ರಿಗಳನ್ನು ಹೇಗೆ ಕಳೆದರು, ಕೂಸುಗಳನ್ನೂ ಮುದುಕರನ್ನೂ ಚಳಿಯಿಂದ ಹೇಗೆ ಕಾಪಾಡಿದರು ಎಂಬುದನ್ನು ಚರಿತ್ರೆಯ ವಿಷಯವೆಂದು ಎಣಿಸಿದವರು ವಿರಳ. ಆದರೆ ಬೆಂಕಿಯನ್ನು ಮನೆಯೊಳಗೆ ಇರಿಸಿಕೊಂಡು ಅದರಿಂದ ಸಾಯದೆ ಬಾಳುವದು ರಾಜ್ಯವಾಳುವದಕ್ಕಿಂತ ಸಣ್ಣ ವಿದ್ಯೆಯೇನೂ ಅಲ್ಲ.

ಗದಗ ಜಿಲ್ಲೆಯ ರೋಣ ತಾಲೂಕಿನ ಜಕ್ಕಲಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ವಾಚಕರು ಇದನ್ನು ಬಲ್ಲರು. ಸುತ್ತಲೂ ಎರೆಯ ಭೂಮಿ. ಹಿಂಗಾರಿಯ ಜೋಳ, ಕಡಲೆ, ಕುಸುಬೆ, ಹತ್ತಿ ಇವೇ ಇಲ್ಲಿಯ ಬೆಳೆಗಳು. ಹಿಮಾಲಯದ ಸೀಮೆಯಂತೆ ಇಲ್ಲಿ ನೀರು ಹೆಪ್ಪುಗಟ್ಟುವದಿಲ್ಲ. ಆದರೂ ಮಾರ್ಗಶೀರ್ಷ ಪುಷ್ಯಗಳಲ್ಲಿ ಆಕಾಶವು ನಿರ್ಮಲವಾಗಿರುವ ಕಾರಣ ಹಗಲಿನ ಕಾವು ಇರುಳಿನಲ್ಲಿ ಬೇಗ ಹಾರಿಹೋಗುವದು. ಬೆಳಗಿನ ಜಾವಕ್ಕೆ ಉಷ್ಣಮಾನವು ಸುಮಾರು 16 ಡಿಗ್ರಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುವದು. ಶೀತದೇಶಗಳ ಮನೆಗಳ ಒಳಗೆ 18 ಡಿಗ್ರಿಗಿಂತ ಕಡಿಮೆಯಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸೂಚಿಸಿದೆ. ಅಂದ ಮೇಲೆ ಎರೆಸೀಮೆಯ ಚಳಿಯು ಗಟ್ಟಿಮುಟ್ಟಾದವನಿಗೆ ಲೆಕ್ಕಕ್ಕಿಲ್ಲದಿದ್ದರೂ ಮುದುಕನಿಗೂ ಹಸುಗೂಸಿಗೂ ತಾಗದೆ ಬಿಡದು.

ಈ ಚಳಿಗೆ ಹಿರಿಯರು ಕಂಡುಕೊಂಡ ಮೊದಲನೆಯ ಉಪಾಯವು ಬೆಂಕಿಯಲ್ಲ, ಗೋಡೆ. ಈ ಪ್ರಾಂತದ ಹಳೆಯ ಮಾಳಿಗೆಮನೆಗಳಲ್ಲಿ ಮಣ್ಣಿನ ಅಥವಾ ಕಲ್ಲುಮಣ್ಣಿನ ದಪ್ಪ ಗೋಡೆಗಳು. ತೊಲೆ ಜಂತಿಗಳ ಮೇಲೆ ಹರಡಿದ ಮಣ್ಣಿನ ಮೇಲ್ಮುದ್ದೆ. ಇಂಥ ಗೋಡೆಯು ಹಗಲೆಲ್ಲ ಬಿಸಿಲನ್ನು ನಿಧಾನವಾಗಿ ಹೀರಿ ಇರುಳಿನಲ್ಲಿ ಅಷ್ಟೇ ನಿಧಾನವಾಗಿ ಬಿಟ್ಟುಕೊಡುವದು. ಮನೆಯ ಮುಂಭಾಗದ ಅಂಕಣದಲ್ಲಿ ಎತ್ತು ಆಕಳುಗಳನ್ನು ಕಟ್ಟುತ್ತಿದ್ದುದರಿಂದ ಅವುಗಳ ಮೈಗಾವೂ ಮನೆಗೆ ಸಲ್ಲುತ್ತಿತ್ತು. ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬೆಳಕು ಒಳಗೆ ಬರುವದು ಅದರ ಹೆಸರಿಗೆ ಕಾರಣ. ಹೊಗೆಯೂ ಕೆಟ್ಟ ಗಾಳಿಯೂ ಹೊರಗೆ ಹೋಗುವದು ಅದರ ಉಪಕಾರ.

ಎರಡನೆಯ ಉಪಾಯವು ಹೊದಿಕೆ. ಕುರುಬರು ಡೆಕ್ಕನಿ ತಳಿಯ ಕುರಿಗಳ ಕರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿಯನ್ನು ಹಚ್ಚಿ ನೇಯ್ದ ಕಂಬಳಿಯು ಮಳೆಗೂ ಚಳಿಗೂ ಬಗ್ಗುವಂಥದ್ದಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರಪದರವಾಗಿ ಕೂಡಿಸಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಖರ್ಚೆಂಬುದೇ ಇಲ್ಲ. ಇವೆರಡೂ ಮೈಯ ಕಾವನ್ನೇ ಮೈಗೆ ಮರಳಿಸುವವು.

ಮೂರನೆಯದು ಬೆಂಕಿ. ಎರೆಸೀಮೆಯಲ್ಲಿ ಅಡವಿಯಿಲ್ಲ, ಆದ್ದರಿಂದ ಉರುವಲೆಲ್ಲ ಹೊಲದ್ದೇ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜೋಳದ ಕೂಳೆ, ಸಗಣಿಯ ಕುಳ್ಳು ಇವು ಮೊದಲಿನಿಂದ ಬಂದವು. ಬಳ್ಳಾರಿ ಜಾಲಿಯು ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿ ಅವುಗಳ ಜೊತೆಗೆ ಸೇರಿತು. ಈ ಉರುವಲಿನ ಕೆಂಡವನ್ನು ಒಲೆಯಿಂದ ತೆಗೆದು ತುಂಬುವ ಪಾತ್ರೆಯೇ ಅಗ್ಗಿಷ್ಟಿಕೆ.

ಈ ಪಾತ್ರೆಯ ವಂಶವು ಬಹು ಪುರಾತನವಾದದ್ದು. ಅಮರಕೋಶದಲ್ಲಿ ಅಂಗಾರಧಾನಿಕಾ, ಅಂಗಾರಶಕಟೀ, ಹಸಂತೀ ಎಂದು ಇದಕ್ಕೆ ಪರ್ಯಾಯಪದಗಳಿವೆ. ಹಸಂತೀ ಎಂದರೆ ನಗುವವಳು. ಹೊಳೆಯುವ ಕೆಂಡವನ್ನು ನಗೆಯೆಂದು ಕಂಡ ರಸಿಕತೆಯದು. ಹೇಮಂತದಲ್ಲಿ ಕೆಂಡದ ಕಾವಿನಿಂದ ಬೆಚ್ಚಗಾದ ಒಳಮನೆಯಲ್ಲಿಯೂ ನೆಲಮನೆಯಲ್ಲಿಯೂ ಇರುವವರಿಗೆ ಶೀತದೋಷವು ತಟ್ಟದೆಂದು ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಹೇಳಿದ್ದಾನೆ. ಇದನ್ನು ಮಾತ್ರ ಓದಿದವನು, ಬಾಗಿಲು ಮುಚ್ಚಿ ಕೆಂಡವಿಟ್ಟು ಮಲಗುವದಕ್ಕೆ ಶಾಸ್ತ್ರದ ಒಪ್ಪಿಗೆಯಿದೆಯೆಂದು ಭ್ರಮಿಸಬಹುದು. ಆದರೆ ಚರಕಸಂಹಿತೆಯ ಸ್ವೇದಾಧ್ಯಾಯವನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿ ಜೇಂತಾಕವೆಂಬ ಸ್ವೇದಗೃಹವನ್ನು ವರ್ಣಿಸುವಾಗ, ಅದಕ್ಕೆ ಅನೇಕ ವಾತಾಯನಗಳಿರಬೇಕೆಂದೂ, ಕಟ್ಟಿಗೆಯೆಲ್ಲ ಚೆನ್ನಾಗಿ ಉರಿದು ಹೊಗೆಯಡಗಿದ ಮೇಲೆಯೇ ರೋಗಿಯನ್ನು ಒಳಗೆ ಬಿಡಬೇಕೆಂದೂ ವಿಧಿಸಿದೆ. ಅದೇ ಅಧ್ಯಾಯದ ಕುಟೀಸ್ವೇದದಲ್ಲಿ ಕಿಟಕಿಯಿಲ್ಲದ ಗುಡಿಸಲೂ ಸುತ್ತ ಹಸಂತಿಕೆಗಳೂ ಬರುವದು ನಿಜ. ಆದರೆ ಅದು ಬೆವರು ಬರಿಸುವಷ್ಟು ಹೊತ್ತಿನ ಚಿಕಿತ್ಸೆ. ಇರುಳೆಲ್ಲ ನಿದ್ರಿಸುವ ಕ್ರಮವಲ್ಲ.

ಕೆಂಡದ ಈ ಕೇಡನ್ನು ಪಶ್ಚಿಮದವರೂ ಪ್ರಾಣಸಂಕಟದಿಂದಲೇ ಅರಿತರು. ಮುಂದೆ ರೋಮಿನ ಚಕ್ರವರ್ತಿಯಾದ ಜೂಲಿಯನ್ನನು ಕ್ರಿ. ಶ. 358ರ ಸುಮಾರಿಗೆ ಈಗಿನ ಪ್ಯಾರಿಸ್ಸಿನಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದಾಗ, ಕೋಣೆಯಲ್ಲಿ ಕೆಂಡವಿರಿಸಿ ಮಲಗಿ ಉಸಿರುಕಟ್ಟಿ ಸಾಯುವಂತಾದನು. ಹೊರಗೆ ಹೊತ್ತು ತಂದುದರಿಂದ ಬದುಕಿದನು. ಗೋಡೆಯ ತೇವವು ಕಾವಿಗೆ ಆವಿಯಾಗಿ ತನ್ನನ್ನು ಬಾಧಿಸಿತೆಂದೇ ಅವನು ಬರೆದಿಟ್ಟನು. ನಿಜವಾದ ಕಾರಣವು ಹೊರಬೀಳುವದಕ್ಕೆ ಹದಿನೈದು ಶತಮಾನಗಳು ಹಿಡಿದವು. ಕೆಂಡವು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇಂಗಾಲದ ಮಾನಾಕ್ಸೈಡೆಂಬ ಅನಿಲವು ಹುಟ್ಟುವದು. ಅದು ರಕ್ತದ ಕೆಂಪು ದ್ರವ್ಯವನ್ನು ಹಿಡಿದುಕೊಂಡು ಪ್ರಾಣವಾಯುವಿಗೆ ಎಡೆಗೊಡದೆಂಬುದನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ಡನು 1857ರಲ್ಲಿ ಪ್ರಕಟಿಸಿದನು. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿ ಅದರದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ಹೊಗೆಯು ಎಚ್ಚರಿಸಿಯಾದರೂ ಕಾಡುವದು. ಇದು ನಿದ್ದೆಯಲ್ಲಿದ್ದವನನ್ನು ಎಚ್ಚರಿಸುವದೇ ಇಲ್ಲ. ಹೊಗೆಯಡಗಿದ ಕೆಂಡವು ನಿರಪಾಯವೆಂಬ ತಿಳಿವಳಿಕೆಯು ಹೀಗಾಗಿ ಅರ್ಧ ಸತ್ಯವಷ್ಟೇ.

ಕೆಟ್ಟ ಗಾಳಿಯ ವಿಷಯದಲ್ಲಿ ಎರೆಸೀಮೆಯವರು ಅಜ್ಞರಾಗಿದ್ದರೆಂದಲ್ಲ. ಜೋಳವನ್ನು ಹೂಳಿಡುವ ಹಗೇವನ್ನು ತೆರೆದ ಕೂಡಲೆ ಒಕ್ಕಲಿಗನು ಒಳಗಿಳಿಯನು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಇಳಿಯುವನು. ಕಾಳಿನ ಉಸಿರಾಟದಿಂದ ಹಗೇವಿನಲ್ಲಿ ಪ್ರಾಣವಾಯು ತೀರಿ ಇಂಗಾಲಾಮ್ಲವು ತುಂಬಿರುವದರಿಂದ ದೀಪವು ಅಲ್ಲಿ ಸುಳ್ಳು ಹೇಳದು. ಆದರೆ ಅಗ್ಗಿಷ್ಟಿಕೆಯಿಟ್ಟ ಕೋಣೆಯಲ್ಲಿ ಅದೇ ದೀಪವು ಮೋಸಮಾಡುವದು. ಮನುಷ್ಯನನ್ನು ಕೊಲ್ಲುವಷ್ಟು ವಿಷಾನಿಲವು ಗಾಳಿಯಲ್ಲಿ ಬೆರೆತರೂ ದೀಪವು ನಿಶ್ಚಲವಾಗಿ ಉರಿಯುತ್ತಲೇ ಇರುವದು. ಹಗೇವಿನ ವಿವೇಕವು ಬಾಗಿಲು ತೆರೆಯುವ ಮಟ್ಟಿಗೆ ಮನೆಗೆ ಸಲ್ಲುವದು, ದೀಪದ ಮಟ್ಟಿಗೆ ಸಲ್ಲದು.

ಹಾಗಾದರೆ ತಲೆತಲಾಂತರದಿಂದ ಅಗ್ಗಿಷ್ಟಿಕೆಯನ್ನಿಟ್ಟ ಮನೆಗಳು ಉಳಿದದ್ದು ಹೇಗೆಂಬ ಪ್ರಶ್ನೆ ಏಳುವದು. ಬೆಳಕಿಂಡಿಯೂ ಜಂತಿಯ ಸಂದುಗಳೂ ಸರಿಯಾಗಿ ಮುಚ್ಚಿಕೊಳ್ಳದ ಕದಗಳೂ ಬಹುಮಟ್ಟಿಗೆ ಅವನ್ನು ಕಾದವು. ಈಗ ಮಾಳಿಗೆಮನೆಗಳು ಬಿದ್ದಲ್ಲಿ ಸಿಮೆಂಟಿನ ಮನೆಗಳೆದ್ದಿವೆ. ಅವಕ್ಕೆ ಬೆಳಕಿಂಡಿಯಿಲ್ಲ, ಕಿಟಕಿಗೆ ಗಾಜು, ಬಾಗಿಲಿಗೆ ಬಿಗಿಯಾದ ಚೌಕಟ್ಟು. ಮನೆಯು ಹೊಸದಾಯಿತು, ಪಾತ್ರೆಯು ಹಳೆಯದೇ ಉಳಿಯಿತು. ಅಪಾಯವು ಹುಟ್ಟುವದು ಈ ಎರಡರ ಸಂಧಿಯಲ್ಲಿ. ಅದರಲ್ಲಿಯೂ ಬಾಣಂತಿಯ ಕೋಣೆಯು ಹೆಚ್ಚು ಚಿಂತಿಸತಕ್ಕದ್ದು. ಗಾಳಿ ಸೋಕೀತೆಂದು ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವ ರೂಢಿಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಆ ಅನಿಲಕ್ಕೆ ಎಲ್ಲರಿಗಿಂತ ಮೊದಲು ಸೋಲುವದು ಎಳೆಗೂಸು. ಸೋಕಬಾರದೆಂದು ಹೆದರಿದ ಗಾಳಿಯೇ ಅಲ್ಲಿ ರಕ್ಷಕ. ನಂಬಿದ ಕೆಂಡವೇ ವೈರಿ.

ವಿದ್ಯುತ್ತಿನ ಹೀಟರಿನಿಂದ ಈ ವಿಷಾನಿಲವು ಹುಟ್ಟದು. ಆದರೆ ವೆಚ್ಚದ ಲೆಕ್ಕವನ್ನು ಗೃಹಸ್ಥನು ಮರೆಯಲಾಗದು. 1000 ವ್ಯಾಟಿನ ಹೀಟರು ತಾಸಿಗೆ ಒಂದು ಯುನಿಟ್ ಉಣ್ಣುವದು. ಇರುಳಿಗೆ 8 ತಾಸಿನಂತೆ ತಿಂಗಳಿಗೆ 240 ಯುನಿಟ್. ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಇಟ್ಟ ಗರಿಷ್ಠ ಮೇರೆಯೇ 200 ಯುನಿಟ್. ಆದ್ದರಿಂದ ಮಲಗುವ ಮುಂಚೆ ಅರ್ಧ ತಾಸು ಕೋಣೆಯನ್ನು ಕಾಯಿಸಿ ಆರಿಸುವದೇ ಲೇಸು; ಹಾಸಿಗೆ ಪರದೆಗಳಿಂದ ಅದನ್ನು ದೂರವಿಡಬೇಕೆಂದು ಬೇರೆ ಹೇಳಬೇಕಿಲ್ಲ.

ಅಗ್ಗಿಷ್ಟಿಕೆಯನ್ನು ಬಿಡಲಾರದವರು ಅದನ್ನು ಅಂಗಳದಲ್ಲಿ ಅಥವಾ ತೆರೆದ ಪಡಸಾಲೆಯಲ್ಲಿ ಇಟ್ಟು ಎಚ್ಚರವಿದ್ದಷ್ಟು ಹೊತ್ತು ಕಾಯಿಸಿಕೊಂಡು, ಮಲಗುವ ಮೊದಲು ಕೆಂಡವನ್ನು ಮನೆಯ ಹೊರಗೇ ನೀರು ಹಾಕಿ ಆರಿಸಬೇಕು. ಬೂದಿ ಮುಚ್ಚಿದ ಕೆಂಡವು ಆರಿದ ಕೆಂಡವಲ್ಲ. ಬೆಂಕಿಯ ಬಳಿ ಕುಳಿತವರಿಗೆ ತಲೆನೋವು, ತಲೆಸುತ್ತು, ಓಕರಿಕೆಗಳು ಒಟ್ಟಿಗೆ ಬಂದರೆ ಚಳಿಜ್ವರವೆಂದು ಹೊದಿಸಿ ಮಲಗಿಸದೆ, ಕೂಡಲೆ ಬಯಲಿಗೆ ತಂದು ವೈದ್ಯರಲ್ಲಿಗೆ ಒಯ್ಯಬೇಕು. ಬಾಣಂತಿಗೆ ಒಲೆಯ ಮೇಲೆ ಕಾಯಿಸಿದ ಬಟ್ಟೆಯೂ, ಚೆನ್ನಾಗಿ ಬಿರಟೆ ಬಿಗಿದು ಬಟ್ಟೆ ಸುತ್ತಿದ ಬಿಸಿನೀರಿನ ಶೀಷೆಯೂ, ಹಗಲಿನ ಎಳೆಬಿಸಿಲೂ ಸಾಕು. ಉಳಿದವರಿಗೆ ಕಂಬಳಿಯ ಮೇಲೊಂದು ಕೌದಿ ಇದ್ದೇ ಇದೆ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೋಗುವದೆಂಬುದು ಹಿರಿಯರ ಮಾತು. ಅಲ್ಲಿಯ ತನಕ ಮನೆಯ ಒಂದು ಕಿಟಕಿಯಾದರೂ ನಾಲ್ಕು ಬೆರಳಷ್ಟು ತೆರೆದಿರಲಿ.