ಒಳಗಿನ ಕಲಾಯಿ

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬಾರದೆಂದು ನಮ್ಮ ಅಜ್ಜಿಯಂದಿರಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಹೊರಗಿನ ಹೊಳಪಿಗಿಂತ ಒಳಗನ್ನು ನೋಡುತ್ತಿದ್ದರು. ಅಮೆರಿಕದ ಬೆಟ್ಟ ಹತ್ತುವವರು ಈ ಪಾಠ ಕಲಿತದ್ದು ತೀರಾ ಈಚೆಗೆ.

ಅಲ್ಲಿನ ರಾಚೆಸ್ಟರಿನಲ್ಲಿ 1949ರಲ್ಲಿ ಶುರುವಾದ ಕಂಪನಿಯೊಂದು ಪ್ರಯೋಗಶಾಲೆಗಳಿಗೆ ಪ್ಲಾಸ್ಟಿಕ್ ಸಾಮಾನು ಮಾಡುತ್ತಿತ್ತು. ಅದರ ನಾಲ್ಜೀನ್ ಬಾಟಲಿ ಒಡೆಯುವುದಿಲ್ಲ, ಸೋರುವುದಿಲ್ಲ ಎಂದು ಕಂಡ ವಿಜ್ಞಾನಿಗಳು ಅದನ್ನು ಕಾಡುಮೇಡಿನ ತಿರುಗಾಟಕ್ಕೂ ಒಯ್ದರು. ಮುಂದೆ ಗಾಜಿನಂತೆ ತಿಳಿಯಾದ ಪಾಲಿಕಾರ್ಬೊನೇಟ್ ಬಾಟಲಿ ಚಾರಣಿಗರ ಚೀಲ ಸೇರಿತು. ಅದರಲ್ಲಿದ್ದದ್ದು ಬಿಸ್‌ಫಿನಾಲ್-ಎ, ದೇಹದಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸಬಲ್ಲ ರಾಸಾಯನಿಕ. 2008ರ ಏಪ್ರಿಲ್‌ನಲ್ಲಿ ಕೆನಡಾ ಸರ್ಕಾರ ಮಕ್ಕಳ ಹಾಲಿನ ಬಾಟಲಿಗಳಲ್ಲಿ ಅದನ್ನು ನಿಷೇಧಿಸುವುದಾಗಿ ಹೇಳಿತು. ಅದೇ ತಿಂಗಳು ನಾಲ್ಜೀನ್ ಕೂಡ ಅದನ್ನು ಕೈಬಿಡುವುದಾಗಿ ಸಾರಿತು.

ಜನ ಸ್ವಿಟ್ಜರ್ಲೆಂಡಿನ ಸಿಗ್ ಅಲ್ಯೂಮಿನಿಯಂ ಬಾಟಲಿಯತ್ತ ತಿರುಗಿದರು. 2009ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು: 2008ರ ಆಗಸ್ಟಿಗೆ ಮುಂಚಿನ ಬಾಟಲಿಗಳ ಒಳಲೇಪದಲ್ಲೂ ಅದೇ ವಸ್ತುವಿನ ಅಂಶವಿತ್ತು! ನೀರಿಗೆ ಇಳಿಯುವುದಿಲ್ಲವೆಂದು ಹೇಳಿದರೂ ಹಳೆಯದಕ್ಕೆ ಹೊಸದನ್ನು ಬದಲಿಸಿಕೊಡಬೇಕಾಯಿತು.

ಅಲ್ಯೂಮಿನಿಯಂಗೆ ಹುಳಿ ಆಗದು, ಅದಕ್ಕೇ ಒಳಲೇಪ. ಸ್ಟೀಲಿಗೆ ಅದು ಬೇಡ. ತೂಕ ಕೊಂಚ ಹೆಚ್ಚು, ನಿಜ. ಆದರೆ ಬಣ್ಣ ಬಳಿಯದ, ಒಂದೇ ಪದರದ ಸ್ಟೀಲ್ ಬಾಟಲಿಯ ಮುಚ್ಚಳ ತೆಗೆದು ಬೆಂಕಿಯ ಮೇಲಿಟ್ಟು ಹೊಳೆಯ ನೀರನ್ನು ಕುದಿಸಬಹುದು. ಎರಡು ಪದರದ್ದನ್ನು ಮಾತ್ರ ಇಡಲೇಬಾರದು, ಸಿಡಿದೀತು.

ಮಗಳು ಚಾರಣಕ್ಕೆ ಹೊರಟರೆ ಅಂಗಡಿಯಲ್ಲಿ ಬಣ್ಣ ಅವಳೇ ಆರಿಸಲಿ. ನೀವು ಒಳಗೊಮ್ಮೆ ಇಣುಕಿ. ಮುಚ್ಚಳವನ್ನೂ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಅಡಗಿ ಕೂರುವುದು ಬಹಳ ಸಲ ಅಲ್ಲೇ.