ಕಾರ್ಖಾನೆ ಮುಚ್ಚಿದರೂ ನಿಲ್ಲದ ಗಾಡಿ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಂಪನಿಯೇ ಇಲ್ಲದ ಮೇಲೆ ಡೀಲರ್ ಎಲ್ಲಿಂದ ಬಂದಾನು? ಆದರೂ ನಮ್ಮ ಸುತ್ತೂರು, ನಂಜನಗೂಡಿನ ಕಡೆಯ ಯೆಜ್ಡಿಗಳು ನಿಲ್ಲಲಿಲ್ಲ. (ಕಿಕ್ಕರನ್ನೇ ಗೇರಿಗೂ ಬಳಸುವ ಆ ಗಾಡಿಯ ಸದ್ದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿದ್ದೀತು!) ಸರಳವಾದ ಟೂ-ಸ್ಟ್ರೋಕ್ ಎಂಜಿನ್ನನ್ನು ರಸ್ತೆಬದಿಯ ಮೆಕ್ಯಾನಿಕ್ಕೇ ಬಿಚ್ಚಿ, ತೊಳೆದು, ಜೋಡಿಸಬಲ್ಲವನಾಗಿದ್ದ.

ಕಾರುಗಳ ಕಥೆ ಬೇರೆ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ದಕ್ಕಗೊಡದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಷೋರೂಮಿಗೇ ಹೋಗಬೇಕೆಂಬ ನಮ್ಮ ಅಂಜಿಕೆಯಲ್ಲಿ ಅರ್ಧ ಹೀಗೆ ಹುಟ್ಟಿಸಿದ್ದು. ವಾರಂಟಿ ಇರುವವರೆಗೆ ಡೀಲರ್ ಸರಿಯೇ. ಆಮೇಲೆ ನಾನಂತೂ ತಿ. ನರಸೀಪುರದ ಗ್ಯಾರೇಜಿಗೇ ಕಾರು ಒಯ್ಯುತ್ತೇನೆ. ಬಿಚ್ಚಿದ ಹಳೆಯ ಭಾಗವನ್ನು ಅಲ್ಲಿ ಕೈಗೆ ಕೊಟ್ಟು ತೋರಿಸುತ್ತಾರೆ.