ರೇಷ್ಮೆ ನಾಡಿನ ಹೆಂಗಸರು, ಎಚ್‌ಐವಿ ಮತ್ತು ಮರೆವು

ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುವುದು, ಹಲವು ಎಳೆಗಳನ್ನು ಕೂಡಿಸುವುದು, ಒಂದು ಕಡಿದರೆ ಆ ಕ್ಷಣವೇ ಇನ್ನೊಂದನ್ನು ಸೇರಿಸುವುದು. ಚರಕದ ಕಾಲದಿಂದ ಕಾಟೇಜ್ ಬೇಸಿನ್ ಕಾಲದವರೆಗೂ ರಾಮನಗರದ ನೂಲು ಬಿಚ್ಚಾಣಿಕೆ ನಿಂತದ್ದು ಗಮನದ ಮೇಲೆ. ಕನಕಪುರ, ಮಾಗಡಿ ಕಡೆಯ ಹುಳು ಸಾಕುವ ಮನೆಗಳಲ್ಲೂ ಹಾಗೆಯೇ. ಯಾವ ತಟ್ಟೆಯ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿದೆ, ಯಾವುದು ಎದ್ದಿದೆ, ಯಾವುದಕ್ಕೆ ಎಷ್ಟು ಹೊತ್ತಿಗೆ ಸೊಪ್ಪು ಎಂಬುದೆಲ್ಲ ಬಹುಪಾಲು ಹೆಂಗಸರ ನೆನಪಿನಲ್ಲಿರುವ ಲೆಕ್ಕ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಹಿಡಿಯುವ ಕೈಯೂ ಮೈಮರೆಯುವಂತಿಲ್ಲ. ಇಂಥ ಕಸುಬಿನ ಸೀಮೆಯಲ್ಲಿ ಎಚ್‌ಐವಿಯೊಂದಿಗೆ ಬದುಕುವ ಹೆಣ್ಣಿಗೆ ಮರೆವು ಬಂದರೆ ಅದು ಕೂಲಿಯನ್ನೇ ಮುಟ್ಟುತ್ತದೆ. ಆ ಮರೆವನ್ನು ವೈರಾಣುವಿನ ಲೆಕ್ಕಕ್ಕಷ್ಟೇ ಬರೆಯುವುದು ಸರಿಯಲ್ಲ, ಅವಳು ಹೊತ್ತ ಭಯದ ಚರಿತ್ರೆಯೂ ಅದರಲ್ಲಿದೆ ಎಂಬುದು ನನ್ನ ವಾದ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮುಂದೆ ಸೋಂಕು ಹೆಚ್ಚಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕಾರ್ಯಕ್ರಮ 2002ರ ಹೊತ್ತಿಗೆ ಶುರುವಾದಾಗ, ಬಸುರಿಯರ ರಕ್ತಪರೀಕ್ಷೆಯಿಂದಲೇ ಎಷ್ಟೋ ಮನೆಗಳಿಗೆ ಸುದ್ದಿ ತಿಳಿಯಿತು. ಸೋಂಕು ಗಂಡನಿಂದ ಬಂದಿದ್ದರೂ ಮೊದಲು ಗೊತ್ತಾದದ್ದು ಹೆಂಡತಿಗೆ, ಹಾಗಾಗಿ ತಪ್ಪೂ ಅವಳ ತಲೆಗೇ ಬಂತು. ವೈರಾಣುವನ್ನು ಅಡಗಿಸುವ ಎಆರ್‌ಟಿ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಂದು. ಅದೂ ಮೊದಮೊದಲು ರಕ್ತದಲ್ಲಿನ ರೋಗನಿರೋಧಕ ಸಿಡಿ4 ಕಣಗಳ ಎಣಿಕೆ 200ಕ್ಕಿಂತ ಇಳಿದವರಿಗೆ ಅಥವಾ ಕಾಯಿಲೆ ಬಿದ್ದವರಿಗೆ. ಸೋಂಕಿರುವ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದದ್ದು 2017ರಲ್ಲಿ. ಗೊತ್ತಿದ್ದೂ ಔಷಧಿಯಿಲ್ಲದೆ, ಗುಟ್ಟು ಬಯಲಾದೀತೆಂದು ಅಂಜುತ್ತ ಕಳೆದ ಆ ವರ್ಷಗಳು ಮೈಯಲ್ಲಿ ಗುರುತು ಬಿಡದೆ ಹೋಗುವವಲ್ಲ.

ಭಯವಾದಾಗ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಭಯ ಕಳೆದ ಮೇಲೆ ಅದು ಇಳಿಯಬೇಕು. ಭಯವೇ ಕಳೆಯದಿದ್ದರೆ ಈ ಏರಿಳಿತದ ಹದ ಕೆಡುತ್ತದೆ, ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ನಲುಗುತ್ತದೆ. ಇನ್ನು ವೈರಾಣುವಿನ ಪಾಲಿನ ಮಾತು. ಭಾರತದಲ್ಲಿ ಹೆಚ್ಚಾಗಿರುವ ಎಚ್‌ಐವಿಯ 'ಸಿ' ಉಪಬಗೆ ಮೆದುಳಿಗೆ ಅಷ್ಟು ಕೇಡು ಮಾಡದೆಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. ಆದರೆ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2007ರಲ್ಲಿ ದಕ್ಷಿಣ ಭಾರತದ ಸೋಂಕಿತರಲ್ಲಿ ಕಲಿಕೆ, ನೆನಪಿನ ಕೊರತೆ ತೋರಿಸಿಕೊಟ್ಟರು. ಇದೇ ಸಂಸ್ಥೆಯವರಿದ್ದ ತಂಡ 2008ರಲ್ಲಿ, ಇಂಥ ಸೋಂಕಿತರಲ್ಲಿ ಒತ್ತಡದ ಹಾರ್ಮೋನುಗಳ ವ್ಯವಸ್ಥೆಯೇ ಬರಬರುತ್ತ ಹದ ತಪ್ಪುವುದನ್ನು ವರದಿ ಮಾಡಿತು.

ಬಡತನದ ಒತ್ತಡ ಎಲ್ಲ ಹೆಂಗಸರಿಗೂ ಇದೆಯಲ್ಲ, ಎಚ್‌ಐವಿಯನ್ನೇ ಏಕೆ ದೂರಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಮೆರಿಕದಲ್ಲಿ ಸೋಂಕಿರುವ ಮತ್ತು ಇಲ್ಲದ ಹೆಂಗಸರನ್ನು ಹೋಲಿಸಿದ ಅಧ್ಯಯನಗಳಲ್ಲಿ, ಕೇಳಿದ ಪದಗಳನ್ನು ನೆನಪಿಡುವ ಶಕ್ತಿ ಹೆಚ್ಚು ಒತ್ತಡದ ಜೊತೆ ಕುಗ್ಗಿದ್ದು ಸೋಂಕಿದ್ದವರಲ್ಲೇ. ಅಂದರೆ ವೈರಾಣು, ಒತ್ತಡ ಎರಡೂ ಸೇರಿದಾಗ ಪೆಟ್ಟು ದೊಡ್ಡದು. ಮಾತ್ರೆ ನುಂಗಿ ವೈರಾಣು ಅಡಗಿದರೆ ಸಾಕೆಂಬ ಇನ್ನೊಂದು ಮಾತೂ ಇದೆ. ಮಾತ್ರೆ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ದಿನವೂ ಹೊತ್ತಿಗೆ ಸರಿಯಾಗಿ ನುಂಗಬೇಕಾದದ್ದು ಆ ನೆನಪಿನ ಬಲದಿಂದಲೇ, ಬಹಳ ಸಲ ಅತ್ತೆ, ನೆರೆಯವರ ಕಣ್ಣು ತಪ್ಪಿಸಿ. ಸೋಂಕಿತರನ್ನು ಕೆಲಸದಲ್ಲಾಗಲಿ ಮನೆಯಲ್ಲಾಗಲಿ ಬೇರೆಯಾಗಿ ಕಾಣುವುದನ್ನು ನಿಷೇಧಿಸಿದ 2017ರ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನೂಲಿನ ಮನೆಗಳಲ್ಲಿ ಅದು ನಿಜವಾಗಿ ನಡೆದರೆ, ಅದನ್ನೂ ನಾನು ಮೆದುಳಿನ ಚಿಕಿತ್ಸೆಯ ಪಾಲೆಂದೇ ಎಣಿಸುತ್ತೇನೆ.